ಮುರಿದ ಕೊಡೆ, ಒಂಟಿ ಸಾಕ್ಸ್, ಮಾತಾಡುವ ಗೊಂಬೆ

ಮಳೆಗಾಲ ಬಂತೆಂದರೆ ಕೊಡಗಿನ ಪ್ರತಿ ಮನೆಯ ಬಾಗಿಲ ಹಿಂದೆ ಒಂದಾದರೂ ಮುರಿದ ಕೊಡೆ ಇರುತ್ತದೆ. ಬಟ್ಟೆ ಹರಿದಿರುತ್ತದೆ, ಇಲ್ಲವೇ ಗಾಳಿಗೆ ಉಲ್ಟಾ ಹೊಡೆದು ಎರಡು ಕಡ್ಡಿ ಕಿತ್ತು ಬಂದಿರುತ್ತದೆ. ರಿಪೇರಿಯವನು ಬಂದಾಗ ಕೊಡೋಣ ಎಂದು ಇಟ್ಟದ್ದು. ರಿಪೇರಿಯವನು ಬರುವುದಿಲ್ಲ. ಮುಂದಿನ ಮಳೆಗಾಲಕ್ಕೆ ಹೊಸ ಕೊಡೆ ಬರುತ್ತದೆ, ಹಳೆಯದು ಅಲ್ಲೇ ಉಂಟು. ಕಳೆದ ಕೆಲವು ವರ್ಷಗಳಿಂದ ನಾವು ಮದ್ರಸದ ಮಕ್ಕಳ ಹತ್ತಿರ ಈ ಕೊಡೆಗಳನ್ನು ಕೇಳಿ ತರಿಸಿಕೊಳ್ಳುತ್ತೇವೆ. ಮೊದಲ ಸಲ ಕೇಳಿದಾಗ ಒಬ್ಬ ಉಮ್ಮ ಫೋನ್ ಮಾಡಿ, "ಉಸ್ತಾದ್, ಮದ್ರಸಕ್ಕೆ ಕೊಡೆ ಬೇಕಾದ್ರೆ ಹೊಸದೇ ಕೊಡ್ತೇವೆ, ಮುರಿದದ್ದು ಎಂತಕ್ಕೆ?" ಎಂದು ಕೇಳಿದ್ದರು.

ಗೊಂಬೆ ಮಾಡಲಿಕ್ಕೆ ಎಂದು ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಆ ಮೌನದ ಅರ್ಥ ನಮಗೆ ಗೊತ್ತು. ಒಂದು ಕಾಲದಲ್ಲಿ ನಾವೂ ಹಾಗೇ ಮೌನವಾಗುತ್ತಿದ್ದೆವು. ಮೌನ ಮಾತ್ರ ಅಲ್ಲ, ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೇವೆ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

2007ರ ಸುಮಾರಿಗೆ ನಾವು ದರ್ಸ್ ಮುಗಿಸಿ ಹೊಸದಾಗಿ ಕಲಿಸಲು ಬಂದವರು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಹೊಸ ಉಸ್ತಾದ್ ಎಂದರೆ ಎಲ್ಲದಕ್ಕೂ ತಕ್ಷಣ ಉತ್ತರ ಇರಬೇಕು ಎಂಬ ಬಿಸಿ. ಎರಡನೇ ತರಗತಿಯ ಒಬ್ಬಳು ಹುಡುಗಿ ಚೀಲದಲ್ಲಿ ಒಂದು ಬಟ್ಟೆಯ ಗೊಂಬೆ ತರುತ್ತಿದ್ದಳು. ಹಳೆಯ ರವಿಕೆಯ ತುಂಡು, ಒಳಗೆ ಹತ್ತಿ, ತಲೆಗೆ ಕಪ್ಪು ನೂಲು. ಅವಳ ಅಜ್ಜಿ ಹೊಲಿದು ಕೊಟ್ಟದ್ದು ಎಂದು ಆಮೇಲೆ ತಿಳಿಯಿತು. ನಾವು ಅದನ್ನು ಅವಳ ಕೈಯಿಂದ ತೆಗೆದುಕೊಂಡೆವು. ಚಿತ್ರ, ಮೂರ್ತಿ, ಹರಾಮು ಎಂದು ಎಲ್ಲ ಮಕ್ಕಳ ಎದುರು ಐದು ನಿಮಿಷ ಭಾಷಣ ಮಾಡಿದೆವು. ಚಾ ಕಾಯಿಸುವ ಒಲೆಗೆ ಹಾಕಿದೆವು. ಹುಡುಗಿ ಅಳಲಿಲ್ಲ. ಅವಳು ಒಲೆಯನ್ನೇ ನೋಡುತ್ತಿದ್ದಳು.

ಕಿತಾಬು ನೋಡದೆ ಕೊಟ್ಟ ತೀರ್ಪು ಅದು. ಕಿತಾಬು ನೋಡಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಹಝ್ರತ್ ಆಯಿಶಾ(ರ) ಅವರು ಗೊಂಬೆಗಳ ಜೊತೆ ಆಡುತ್ತಿದ್ದ ವಿಷಯ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಗೆಳತಿಯರು ಬಂದು ಆಡುತ್ತಿದ್ದರು. ಪ್ರವಾದಿ(ಸ) ಒಳಗೆ ಬಂದಾಗ ಅವರೆಲ್ಲ ನಾಚಿ ಅಡಗಿಕೊಳ್ಳುತ್ತಿದ್ದರು. ಪ್ರವಾದಿಯವರು ಅವರನ್ನು ಮತ್ತೆ ಆಡಲು ಕಳಿಸುತ್ತಿದ್ದರು. ಇದು ಹೆಚ್ಚಿನವರಿಗೆ ಗೊತ್ತಿರುವ ವಿಷಯ. ನಮಗೆ ಗೊತ್ತಿಲ್ಲದೆ ಇದ್ದದ್ದು ಅಬೂದಾವೂದ್‌ನಲ್ಲಿ ಇರುವ ಇನ್ನೊಂದು ಘಟನೆ. ಪ್ರವಾದಿಯವರು ಒಂದು ದಂಡಯಾತ್ರೆಯಿಂದ ಮರಳಿ ಬಂದಿದ್ದಾರೆ. ಮನೆಯ ಗೂಡಿಗೆ ಒಂದು ಪರದೆ. ಗಾಳಿಗೆ ಪರದೆಯ ಮೂಲೆ ಎದ್ದಾಗ ಒಳಗಿನ ಗೊಂಬೆಗಳು ಕಾಣುತ್ತವೆ. ಇವೇನು ಎಂದು ಕೇಳುತ್ತಾರೆ, ನನ್ನ ಹೆಣ್ಣುಮಕ್ಕಳು ಎಂದು ಆಯಿಶಾ(ರ) ಹೇಳುತ್ತಾರೆ. ಅವುಗಳ ನಡುವೆ ಒಂದು ಕುದುರೆ, ಅದಕ್ಕೆ ಎರಡು ರೆಕ್ಕೆ. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದಾಗ, ಸುಲೈಮಾನ್(ಅ) ಅವರ ಕುದುರೆಗಳಿಗೆ ರೆಕ್ಕೆ ಇದ್ದದ್ದು ತಾವು ಕೇಳಿಲ್ಲವೇ ಎಂದು ಪ್ರಶ್ನೆಗೇ ಪ್ರಶ್ನೆ ಹಾಕುತ್ತಾರೆ. ಪ್ರವಾದಿಯವರು ದವಡೆ ಹಲ್ಲು ಕಾಣುವಷ್ಟು ನಗುತ್ತಾರೆ.

ಆ ರೆಕ್ಕೆ ಯಾವುದರದ್ದು ಎಂದು ನೋಡಿ. ಮೂಲದಲ್ಲಿ ಇರುವ ಶಬ್ದ 'ರಿಖಾಅ್'. ಅಂದರೆ ಬಟ್ಟೆಯ ಚಿಂದಿ, ತೇಪೆ ಹಾಕುವ ತುಂಡು. ಮನೆಯಲ್ಲಿ ಮಿಕ್ಕಿದ ಬಟ್ಟೆಯಿಂದಲೇ ಆದ ರೆಕ್ಕೆ. ಆಶೂರಾ ದಿನ ಮಕ್ಕಳಿಗೂ ಉಪವಾಸದ ಅಭ್ಯಾಸ ಮಾಡಿಸುತ್ತಿದ್ದ ಮದೀನಾದ ತಾಯಂದಿರು, ಹಸಿವಿಗೆ ಅಳುವ ಮಗುವಿಗೆ ಉಣ್ಣೆಯಿಂದ ಮಾಡಿದ ಆಟಿಕೆ ಕೊಟ್ಟು ಇಫ್ತಾರ್ ತನಕ ಸಮಾಧಾನ ಮಾಡುತ್ತಿದ್ದರು ಎಂದು ರುಬಯ್ಯಿಅ್(ರ) ಹೇಳಿದ್ದೂ ಬುಖಾರಿ, ಮುಸ್ಲಿಮ್‌ನಲ್ಲಿ ಉಂಟು. ನಾವು ಒಲೆಗೆ ಹಾಕಿದ ಗೊಂಬೆಗೂ ಇವುಗಳಿಗೂ ಎಂತ ವ್ಯತ್ಯಾಸ ಎಂದು ನಮಗೆ ಈಗಲೂ ಹೇಳಲಿಕ್ಕೆ ಆಗುವುದಿಲ್ಲ.

ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇಲ್ಲ ಎಂದು ನಾವು ಹೇಳುತ್ತಿಲ್ಲ. ಜೀವಿಗಳ ರೂಪ ಮಾಡುವುದರ ಬಗ್ಗೆ ಕಟ್ಟುನಿಟ್ಟಾದ ಹದೀಸ್‌ಗಳಿವೆ. ಗೊಂಬೆಯ ರಿಯಾಯಿತಿ ಮೊದಲು ಇತ್ತು, ಆಮೇಲೆ ರದ್ದಾಯಿತು ಎಂದವರೂ ಇದ್ದಾರೆ. ಆದರೆ ನಮ್ಮ ಶಾಫಿಈ ಮದ್‌ಹಬಿನ ದೊಡ್ಡ ಇಮಾಮರಾದ ನವವಿ(ರ)ಯವರು ಸಹೀಹ್ ಮುಸ್ಲಿಮ್‌ನ ವಿವರಣೆಯಲ್ಲಿ, ಹೆಣ್ಣುಮಕ್ಕಳ ಆಟದ ಗೊಂಬೆಗೆ ವಿನಾಯಿತಿ ಇರುವುದನ್ನು ತಿಳಿಸಿದ್ದಾರೆ. ಸಂಶಯ ಇದ್ದವರು ತಮ್ಮ ಮಹಲ್ಲಿನ ಖತೀಬರನ್ನು ಕೇಳಿಕೊಳ್ಳಲಿ. ನಮ್ಮಲ್ಲಿ ನಾವೇ ಹಾಕಿಕೊಂಡ ಕಟ್ಟು ಇಷ್ಟು: ಗೊಂಬೆ ಆಟಕ್ಕೆ, ಶೋಕೇಸಿಗೆ ಅಲ್ಲ. ಪ್ರವಾದಿಗಳು, ಮಲಕ್‌ಗಳು, ಸಹಾಬಿಗಳು ಯಾರೂ ಪಾತ್ರ ಆಗುವುದಿಲ್ಲ. ಮುಖವನ್ನು ಮುಖದಂತೆ ಕೆತ್ತಲು ಹೋಗುವುದಿಲ್ಲ, ಎರಡು ಗುಂಡಿ, ಒಂದು ಬಾಯಿ, ಅಷ್ಟೇ. ಈ ಕಟ್ಟಿನಿಂದ ಗೊಂಬೆಗೇನೂ ನಷ್ಟ ಆಗಲಿಲ್ಲ. ಎರಡು ಗುಂಡಿ ಇದ್ದರೆ ಸಾಕು, ಉಳಿದದ್ದನ್ನು ಮಗು ತುಂಬಿಕೊಳ್ಳುತ್ತದೆ.

ನಮ್ಮ ಕಣ್ಣು ತೆರೆದದ್ದು ಕಿತಾಬಿನಿಂದ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಮೊದಲು ತೆರೆಸಿದ್ದು ಒಂದು ಒಂಟಿ ಸಾಕ್ಸ್.

2018ರ ಆಗಸ್ಟನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು. ಗುಡ್ಡ ಇಳಿದು ಬಂತು. ಶಾಲೆ, ಮದ್ರಸ, ಸಮುದಾಯ ಭವನಗಳೆಲ್ಲ ಪರಿಹಾರ ಕೇಂದ್ರಗಳಾದವು. ಅಂಥ ಒಂದು ಕಡೆ ನಾವು ಅಕ್ಕಿ ಅಳೆಯಲಿಕ್ಕೂ ಚಾಪೆ ಹಾಸಲಿಕ್ಕೂ ಇದ್ದೆವು. ಎಲ್ಲ ಕಡೆಯಿಂದ ಬಟ್ಟೆ ಬರುತ್ತಿತ್ತು. ಕೊಟ್ಟವರ ಮನಸ್ಸು ದೊಡ್ಡದು, ಆದರೆ ಬಂದ ಚೀಲಗಳಲ್ಲಿ ಅರ್ಧ ಯಾರಿಗೂ ಆಗದ ಬಟ್ಟೆ. ಝಿಪ್ ಹೋದ ಜಾಕೆಟ್, ಜೋಡಿ ಇಲ್ಲದ ಸಾಕ್ಸ್. ಅದು ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಆರು ವರ್ಷದ ಒಂದು ಮಗು ಬಂದ ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಉಣ್ಣುತ್ತಿತ್ತು, ಮಲಗುತ್ತಿತ್ತು, ಮಾತಿಲ್ಲ. ತಾಯಿ ಕರೆದರೂ ಇಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ ಹೈಸ್ಕೂಲಿನ ಹುಡುಗಿಯೊಬ್ಬಳು ಆ ಗುಡ್ಡೆಯಿಂದ ಒಂದು ಬೂದು ಸಾಕ್ಸ್ ಎತ್ತಿ ಕೈಗೆ ಹಾಕಿ, ಹೆಬ್ಬೆರಳನ್ನು ಕೆಳದವಡೆ ಮಾಡಿ ಅದರ ಬಾಯಿ ಆಡಿಸುತ್ತಾ, "ನನಗೆ ಇನ್ನೊಂದು ಸಾಕ್ಸ್ ಇತ್ತು, ಕಾಣ್ತಾ ಇಲ್ಲ, ನೀನು ನೋಡಿದ್ಯಾ?" ಎಂದು ಕೇಳಿದಳು.

ಮಗು ಸಾಕ್ಸನ್ನು ನೋಡಿತು. ನಮ್ಮ ಮನೆ ಕೂಡ ಕಾಣ್ತಾ ಇಲ್ಲ ಎಂದಿತು.

ಅಲ್ಲಿದ್ದ ನಾವ್ಯಾರೂ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ನಮಗೆ ಮನಃಶಾಸ್ತ್ರ ಗೊತ್ತಿಲ್ಲ. ದೊಡ್ಡವರ ಪ್ರಶ್ನೆಗೆ ಬಾರದ ಉತ್ತರ ಒಂದು ಬೂದು ಸಾಕ್ಸಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇವೆ.

ಇದು ನಮ್ಮೊಬ್ಬರ ಅನುಭವ ಅಲ್ಲ ಎಂದು ಆಮೇಲೆ ಹುಡುಕಿದಾಗ ತಿಳಿಯಿತು. 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮ ನಡೆಸುವವರು ಸಿರಿಯಾದ ನಿರಾಶ್ರಿತ ಮಕ್ಕಳಿಗಾಗಿ 2020ರಲ್ಲಿ 'ಅಹ್ಲನ್ ಸಿಮ್‌ಸಿಮ್' ಎಂಬ ಅರಬಿ ಕಾರ್ಯಕ್ರಮ ಶುರು ಮಾಡಿದರು, ಅದರಲ್ಲಿ ಬಸ್ಮಾ ಮತ್ತು ಜಾದ್ ಎಂಬ ಗೊಂಬೆಗಳು. ಅದೇ ವರ್ಷದ ಕೊನೆಗೆ ಬಾಂಗ್ಲಾದ ಕಾಕ್ಸ್ ಬಝಾರ್ ಶಿಬಿರಗಳಲ್ಲಿರುವ ರೋಹಿಂಗ್ಯಾ ಮಕ್ಕಳಿಗಾಗಿ ನೂರ್ ಮತ್ತು ಅಝೀಝ್ ಎಂಬ ಆರು ವರ್ಷದ ಅವಳಿ ಗೊಂಬೆಗಳನ್ನು ತಂದರು. ಆ ಮಕ್ಕಳದೇ ಭಾಷೆ ಮಾತಾಡುವ ಗೊಂಬೆಗಳು. ಅದೇ ಕಾರ್ಯಕ್ರಮದಲ್ಲಿ ಬಂದ ಒಂದು ಪ್ರಸಿದ್ಧ ಗೊಂಬೆ ಕರ್ಮಿಟ್ ಎಂಬ ಹಸಿರು ಕಪ್ಪೆ. ಅದು ಮೊದಲು ಹುಟ್ಟಿದ್ದು 1955ರಲ್ಲಿ, ಜಿಮ್ ಹೆನ್ಸನ್ ಎಂಬ ಅಮೆರಿಕದ ಹುಡುಗ ತನ್ನ ತಾಯಿಯ ಹಳೆಯ ಕೋಟು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ತುಂಡು ಮಾಡಿ ಕಣ್ಣು ಹಚ್ಚಿದಾಗ. ಲೋಕವೆಲ್ಲ ನೋಡಿದ ಗೊಂಬೆಯ ಮೂಲ ಉಮ್ಮನ ಹಳೆ ಕೋಟು.

ಗಾಝಾದ ವಿಷಯ ಬರೆಯಲು ಕೈ ಬರುವುದಿಲ್ಲ, ಬರೆಯದಿರಲೂ ಆಗುವುದಿಲ್ಲ. ಮಹ್ದಿ ಕರೀರ ಎಂಬ ಗೊಂಬೆಯಾಟದ ಕಲಾವಿದರು ಯುದ್ಧದಲ್ಲಿ ಮನೆ ಬಿಟ್ಟು ದೈರುಲ್ ಬಲಹ್‌ಗೆ ಬಂದವರು. ಅಲ್ಲಿ ನಿರಾಶ್ರಿತರ ನಡುವೆ, ನೆರವಿನ ಆಹಾರ ಬಂದ ಖಾಲಿ ತವರದ ಡಬ್ಬಿಗಳನ್ನು ಹೆಕ್ಕಿ, ಅದರಿಂದ ದಾರದ ಗೊಂಬೆ ಮಾಡಿ ಮಕ್ಕಳಿಗೆ ಆಟ ತೋರಿಸಿದರು. ಮರ ಇಲ್ಲ, ಬಣ್ಣ ಇಲ್ಲ, ಕಾರ್ಯಾಗಾರ ಇಲ್ಲ. ಡಬ್ಬಿ ಮಾತ್ರ ಇತ್ತು. ನಮ್ಮ ಮನೆಯಲ್ಲಿ ಎಂತ ಇಲ್ಲ ಎಂದು ನಾವು ಹೇಳುವುದು?

ನಮ್ಮ ಕನ್ನಡನಾಡಿಗೆ ಗೊಂಬೆಯಾಟ ಹೊಸದಲ್ಲ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ಮರದ ದಾರದ ಗೊಂಬೆಗಳಲ್ಲಿ ಯಕ್ಷಗಾನ ಆಡಿಸುತ್ತಾ ಬಂದಿದ್ದಾರೆ. ಕೊಗ್ಗ ಕಾಮತರ ಹೆಸರು ಕರಾವಳಿಯಲ್ಲಿ ಕೇಳದವರಿಲ್ಲ. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ತಂಡ ತೆಂಕುತಿಟ್ಟಿನ ಬೊಂಬೆಯಾಟ ಮಾಡುತ್ತದೆ. ಬಯಲುಸೀಮೆಗೆ ಹೋದರೆ ತೊಗಲು ಗೊಂಬೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣ ಮಾತ್ರ ಅಲ್ಲ, ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯನ್ನೂ ತೊಗಲು ಗೊಂಬೆಯಲ್ಲಿ ತಂದವರು. ಗೊಂಬೆಯಾಟ ಎಂದರೆ ಒಂದೇ ಬಗೆಯ ಕಥೆಗೆ ಸೇರಿದ್ದು ಎಂಬ ನಮ್ಮ ಅಂಜಿಕೆಗೆ ಇಲ್ಲೇ ಉತ್ತರ ಉಂಟು.

ಇಸ್ಲಾಮೀ ನಾಡುಗಳಲ್ಲಿಯೂ ಹೀಗೇ. ತುರ್ಕಿಯ 'ಕರಗೋಝ್' ನೆರಳು ಗೊಂಬೆಯಾಟ ಹಿಂದಿನ ಕಾಲದಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ರಮಝಾನಿನ ರಾತ್ರಿಗಳಲ್ಲಿ. ಯುನೆಸ್ಕೋ 2009ರಲ್ಲಿ ಅದನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಇಬ್ನ್ ದಾನಿಯಾಲ್ ಎಂಬ ಕಣ್ಣಿನ ವೈದ್ಯರು 13ನೇ ಶತಮಾನದಲ್ಲಿ ಕೈರೋದಲ್ಲಿ ಬರೆದ ಮೂರು ನೆರಳಾಟಗಳು ಇವತ್ತಿಗೂ ಉಳಿದಿವೆ. (ಅವುಗಳ ಹಾಸ್ಯ ಮಕ್ಕಳಿಗೆ ಓದಿ ಹೇಳುವಂಥದ್ದಲ್ಲ, ಅದು ಬೇರೆ ಮಾತು.) ಜಾವಾ ದ್ವೀಪದಲ್ಲಿ ಇಸ್ಲಾಮ್ ಹರಡಿದ ವಲಿಗಳಲ್ಲಿ ಒಬ್ಬರು ನೆರಳು ಗೊಂಬೆಯಾಟದ ಮೂಲಕ ಜನರಿಗೆ ದೀನ್ ತಿಳಿಸಿದರು ಎಂದು ಅಲ್ಲಿನವರು ಹೇಳುತ್ತಾರೆ. ಕರಗೋಝ್ ಎಂಬ ಪಾತ್ರ ಓದು ಬಾರದ, ಬಾಯಿ ಬಡುಕ, ದೊಡ್ಡವರನ್ನು ಗೇಲಿ ಮಾಡುವ ಬಡವ. ನಮ್ಮ ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತನೂ ಹಾಗೆಯೇ ನಗಿಸುವವನು. ಎರಡೂ ಚರ್ಮದ ಗೊಂಬೆಗಳು, ದೀಪದ ಮುಂದೆ ಪರದೆಗೆ ಒತ್ತಿ ಆಡಿಸುವಂಥವು.

ಚರ್ಮ ಎಂದಾಗ ಒಂದು ಮಾತು ನೆನಪಾಗುತ್ತದೆ. ಬಕ್ರೀದಿನ ಉಳ್‌ಹಿಯ್ಯದ ಚರ್ಮ ಮದ್ರಸಗಳಿಗೆ ಒಂದು ಕಾಲದಲ್ಲಿ ಒಳ್ಳೆಯ ಆದಾಯ. ಈಗ ಕೊಳ್ಳುವವರಿಲ್ಲ. ಕೆಲವು ಕಡೆ ಹೊಂಡ ತೋಡಿ ಹೂಳುತ್ತಾರೆ. ಆಡಿನ ಚರ್ಮವನ್ನು ಹದ ಮಾಡಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಗೊಂಬೆ ಮಾಡುವ ಕೈಗಳು ನಮ್ಮದೇ ರಾಜ್ಯದಲ್ಲಿ ಇವೆ. ಅದು ಮಕ್ಕಳ ಕೆಲಸ ಅಲ್ಲ, ಮದ್ರಸದಲ್ಲಿ ಮಾಡುವಂಥದ್ದೂ ಅಲ್ಲ. ಯಾರಾದರೂ ಯುವಕರ ಸಂಘದವರು ಆ ಕಲಾವಿದರನ್ನು ಹುಡುಕಿ ಹೋಗಿ ಮಾತಾಡಿದರೆ ಎರಡು ಕಡೆಗೂ ಉಪಕಾರವಾದೀತು ಎಂದು ನಮಗೆ ಅನಿಸುತ್ತದೆ.

ಈಗ ಕೊಡೆಯ ವಿಷಯಕ್ಕೆ ಬರೋಣ. ಜೂನ್ ಮುಗಿದ ಮೇಲೆ ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನ, ಮೂರು ದಿನ ಬಾರದಿರುವುದು ಮಾಮೂಲು. ಶಾಲೆಗೆ ಮಳೆ ರಜೆ. ಫೋನಿನ ಚಾರ್ಜೂ ಮುಗಿದಿರುತ್ತದೆ. ಇಂಥ ಸಂಜೆಗೆ ನೆರಳು ಗೊಂಬೆಯಷ್ಟು ಹೊಂದುವ ಆಟ ಬೇರೆ ಇಲ್ಲ.

ಮದುವೆಯ ಕರೆಯೋಲೆ ಎಲ್ಲರ ಮನೆಯಲ್ಲೂ ಕಟ್ಟುಗಟ್ಟಲೆ ಇರುತ್ತದೆ. ನಮ್ಮವರ ಮದುವೆ ಕಾಗದ ಈಗ ಎಷ್ಟು ದಪ್ಪ ಎಂದರೆ ಅದರಲ್ಲಿ ಚಪ್ಪಲಿಯ ಅಟ್ಟೆ ಮಾಡಬಹುದು! ಅಲ್ಲಾಹನ ಹೆಸರು, ಬಿಸ್ಮಿ, ಆಯತ್ ಇರುವ ಭಾಗವನ್ನು ಮೊದಲೇ ಕತ್ತರಿಸಿ ಬೇರೆ ತೆಗೆದು ಗೌರವದಿಂದ ಇಡಬೇಕು. ಉಳಿದದ್ದರಲ್ಲಿ ದೇಹ ಒಂದು ತುಂಡು, ಕೈ ಒಂದು ತುಂಡು ಎಂದು ಕತ್ತರಿಸಿ, ದಬ್ಬಳದಿಂದ ತೂತು ಮಾಡಿ, ನೂಲು ಹಾಯಿಸಿ ಎರಡೂ ಬದಿಗೆ ಗಂಟು ಹಾಕಿದರೆ ಭುಜದ ಕೀಲು ಆಯಿತು. ಗಂಟು ಬಿಗಿಯಾದರೆ ಕೈ ಆಡುವುದಿಲ್ಲ, ಸಡಿಲಾದರೆ ಜೋತು ಬೀಳುತ್ತದೆ. ಎರಡು ಮೂರು ಸಲ ಕೆಟ್ಟರೆ ಅಂದಾಜು ಸಿಗುತ್ತದೆ. ಕೊಡೆಯ ಕಡ್ಡಿ ಒಂದನ್ನು ಬೆನ್ನಿಗೆ, ಒಂದನ್ನು ಕೈಗೆ ಟೇಪಿನಿಂದ ಅಂಟಿಸುವುದು. ತೆಳ್ಳಗೆ, ಗಟ್ಟಿ, ತುಕ್ಕು ಹಿಡಿದರೂ ಬಗ್ಗುವುದಿಲ್ಲ. ಆದರೆ ತುದಿ ಚೂಪು. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟದೆ ಮಕ್ಕಳ ಕೈಗೆ ಕೊಡಲೇಬೇಡಿ, ಕಣ್ಣಿಗೆ ಅಪಾಯ. ಹೊಟ್ಟೆಯ ಭಾಗದಲ್ಲಿ ಕಿಟಕಿಯಂತೆ ಕೊರೆದು ಬಣ್ಣದ ಮಿಠಾಯಿ ಕಾಗದ ಅಂಟಿಸಿದರೆ ನೆರಳಿಗೂ ಬಣ್ಣ ಬರುತ್ತದೆ.

ಪರದೆಗೆ ಹಳೆಯ ಬಿಳಿ ಮುಂಡು. ಹಿಂದೆ ಒಂದೇ ಒಂದು ಟಾರ್ಚ್. ಎರಡು ಬೆಳಕು ಇಟ್ಟರೆ ನೆರಳೂ ಎರಡಾಗಿ ಮಸುಕಾಗುತ್ತದೆ. ಮೇಣದ ಬತ್ತಿ, ಚಿಮಣಿ ಖಂಡಿತ ಬೇಡ, ಮುಂಡಿಗೆ ಬೆಂಕಿ ಹಿಡಿದೀತು. ಗೊಂಬೆಯನ್ನು ಬಟ್ಟೆಗೆ ತಾಗಿಸಿ ಹಿಡಿದರೆ ನೆರಳು ಚಿಕ್ಕದು, ಚೊಕ್ಕ. ಟಾರ್ಚಿನ ಕಡೆಗೆ ಹಿಂದಕ್ಕೆ ತಂದ ಹಾಗೆ ದೊಡ್ಡದಾಗುತ್ತಾ ಹೋಗುತ್ತದೆ. ಇದು ಶಾಲೆಯ ವಿಜ್ಞಾನ ಪಾಠವೇ. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದ ಅರವಿಂದ ಗುಪ್ತಾ ಅವರೂ ಮೂಲತಃ ಕಾನ್ಪುರ ಐಐಟಿಯಲ್ಲಿ ಓದಿದ ಇಂಜಿನಿಯರ್. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ಹಳೆ ಪೇಪರ್, ಇವೇ ಅವರ ಸಾಮಾನು. ಅಧ್ಯಾಪಕರಿಗೆ ಗೊಂಬೆಯಿಂದ ಪಾಠ ಮಾಡುವ ತರಬೇತಿಯನ್ನು ದಿಲ್ಲಿಯ ಸಿಸಿಆರ್‌ಟಿ ಎಂಬ ಕೇಂದ್ರ ಸರಕಾರದ ಸಂಸ್ಥೆ ಎಷ್ಟೋ ವರ್ಷಗಳಿಂದ ಕೊಡುತ್ತಿದೆ. ಸರಕಾರಿ ಶಾಲೆಯಲ್ಲಿರುವ ನಮ್ಮ ಟೀಚರ್‌ಗಳು ವಿಚಾರಿಸಬಹುದು.

ಸಾಕ್ಸ್ ಗೊಂಬೆಗೆ ವಿವರ ಬೇಡ. ಒಂದು ಬಿಸ್ಕೆಟ್ ಡಬ್ಬಿಯ ರಟ್ಟನ್ನು ಮಡಚಿ ಬಾಯಿಯೊಳಗೆ ಇಟ್ಟು ಹೊಲಿದರೆ ಬಾಯಿ ಗಟ್ಟಿ ನಿಲ್ಲುತ್ತದೆ, ಅಷ್ಟೇ. ಗುಂಡಿ ಹಳೆಯ ಅಂಗಿಯದ್ದು. ಕೂದಲು ತೆಂಗಿನ ನಾರು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಡಿ ಬೇಡ, ನೂಲಿನಿಂದ ಕಣ್ಣು ಹೊಲಿಯಿರಿ. ಅವರು ಕಿತ್ತು ಬಾಯಿಗೆ ಹಾಕುತ್ತಾರೆ.

ಕಾಗದದ ತಲೆಯ ವಿಷಯದಲ್ಲಿ ನಾವು ಸೋತದ್ದನ್ನೂ ಹೇಳಬೇಕು. ಹಳೆಯ ಪೇಪರನ್ನು ಉಂಡೆ ಮಾಡಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಚೂರುಗಳನ್ನು ಐದಾರು ಪದರ ಹಚ್ಚಿ ಒಣಗಿಸುವುದು. ಪುಸ್ತಕದಲ್ಲಿ ಒಂದು ದಿನ ಬಿಸಿಲಿಗಿಡಿ ಎಂದಿರುತ್ತದೆ. ಆ ಪುಸ್ತಕ ಬರೆದವರು ಜುಲೈ ತಿಂಗಳಲ್ಲಿ ಕೊಡಗಿಗೆ ಬಂದವರಲ್ಲ. ಇಪ್ಪತ್ತೆರಡು ತಲೆಗಳನ್ನು ಮದ್ರಸದ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆವು. ನಾಲ್ಕನೇ ದಿನ ನೋಡಿದರೆ ಎಲ್ಲದಕ್ಕೂ ಹಸಿರು ಬೂಷ್ಟು, ಗಡ್ಡ ಬಂದ ಹಾಗೆ. ಮಕ್ಕಳು ನಕ್ಕರು, ನಮಗೆ ನಗು ಬರಲಿಲ್ಲ. ದಾರಿ ತೋರಿಸಿದ್ದು ಲೈನ್ ಮನೆಯ ಒಬ್ಬ ಅಜ್ಜಿ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮೀನು ಒಣಗಿಸುವ ಹಾಗೆ ಇಡಿ ಎಂದರು. ಮೂರು ದಿನಕ್ಕೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಸ್ವಲ್ಪ ಹೊಗೆಯ ವಾಸನೆ, ಸ್ವಲ್ಪ ಮೀನಿನ ವಾಸನೆ. ಗ್ಯಾಸ್ ಒಲೆ ಮಾತ್ರ ಇರುವ ಮನೆಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ, ಸಾಕ್ಸಿನಲ್ಲೇ ನಿಲ್ಲಿ.

ಇನ್ನು ಕಥೆ. ಮೊದಮೊದಲು ನಾವೇ ಕಥೆ ಬರೆದು ಕೊಡುತ್ತಿದ್ದೆವು. ಸುಳ್ಳು ಹೇಳಬಾರದು, ಉಮ್ಮನ ಮಾತು ಕೇಳಬೇಕು, ಇಂಥದ್ದೇ. ಮಕ್ಕಳು ಬಾಯಿಪಾಠ ಒಪ್ಪಿಸಿದರು. ಯಾರಿಗೂ ರುಚಿಸಲಿಲ್ಲ, ನಮಗೂ. ಆಮೇಲೆ ಬಿಟ್ಟುಬಿಟ್ಟೆವು, ಏನು ಬೇಕೋ ಆಡಿ ಎಂದೆವು. ಆಗ ಬಂದವು ನಿಜವಾದ ಕಥೆಗಳು. ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರುವ ಉಪ್ಪ, ಜಗಳ ಆಡುವ ಇಬ್ಬರು ನೆರೆಮನೆಯವರು, ಮದ್ರಸದಲ್ಲಿ ನಿದ್ದೆ ಹೋಗುವ ಉಸ್ತಾದ್ (ಇದು ಯಾರೆಂದು ಕೇಳಬೇಡಿ). ಎಲ್ಲವೂ ಬ್ಯಾರಿ ಬಾಷೆಯಲ್ಲಿ. ಬ್ಯಾರಿ ಸಾಹಿತ್ಯ ಅಕಾಡಮಿ ಸ್ಥಾಪನೆಯಾದದ್ದು 2007ರಲ್ಲಿ, ಭಾಷೆಗೆ ಒಂದು ಮರ್ಯಾದೆ ಬಂತು. ಆದರೆ ಇಂಗ್ಲಿಷ್ ಮೀಡಿಯಂನ ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಅದೇ ಮಕ್ಕಳ ಗೊಂಬೆಗಳು ಮಾತ್ರ ಅಚ್ಚ ಬ್ಯಾರಿಯಲ್ಲಿ ಬೈದಾಡುತ್ತವೆ, ಅಜ್ಜಿಯರಿಂದ ಕೇಳಿದ ಬೈಗುಳ ಸಮೇತ!

ಒಬ್ಬ ಹುಡುಗ ಆನೆ ಮಾಡಿದ. ತೋಟದ ಕೆಲಸಕ್ಕೆ ಹೋಗುವ ಉಪ್ಪನ ಹರಿದ ರೈನ್‌ಕೋಟಿನಿಂದ ಕಿವಿ, ರಟ್ಟಿನ ಮೈ, ಸೈಕಲ್ ಟ್ಯೂಬಿನ ಸೊಂಡಿಲು. ನಮ್ಮ ಕಡೆ ಆನೆ ಎಂದರೆ ಚಿತ್ರಪುಸ್ತಕದ ಆನೆ ಅಲ್ಲ. ಹಲಸು ಹಣ್ಣಾಗುವ ಸಮಯದಲ್ಲಿ ತೋಟಕ್ಕೆ ಬರುತ್ತದೆ, ಕೆರೆಯ ನೀರಿಗೆ ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋದವರು ಹೆಣವಾಗಿ ಬಂದದ್ದು ಸಿದ್ದಾಪುರ ಕಡೆಯವರಿಗೆ ಗೊತ್ತು. ಆ ಹುಡುಗನ ಉಪ್ಪ ಒಮ್ಮೆ ಓಡಿ ಬಿದ್ದು ಕಾಲು ಮುರಿದುಕೊಂಡವರು. ಅವನು ಆ ವಿಷಯ ಯಾರಲ್ಲೂ ಮಾತಾಡಿದವನಲ್ಲ, ರಾತ್ರಿ ಬೆಚ್ಚಿ ಏಳುತ್ತಾನೆ ಎಂದು ಅವನ ಉಮ್ಮ ನಮ್ಮ ಮನೆಯವರ ಹತ್ತಿರ ಹೇಳಿದ್ದರು.

ಮುಂಡಿನ ಹಿಂದೆ ಅವನು ಆನೆಯನ್ನು ಟಾರ್ಚಿನ ಹತ್ತಿರ ತಂದ. ಪರದೆ ತುಂಬಾ ಆನೆಯೇ. ಚಿಕ್ಕ ಮಕ್ಕಳು ಕಿರುಚಿದರು. ಆಮೇಲೆ ಅವನು ನಿಧಾನವಾಗಿ ಅದನ್ನು ಬಟ್ಟೆಯ ಕಡೆಗೆ ಸರಿಸುತ್ತಾ ಬಂದ. ಆನೆ ಸಣ್ಣದಾಗುತ್ತಾ, ಸಣ್ಣದಾಗುತ್ತಾ, ಕೊನೆಗೆ ಒಂದು ಆಡಿನಷ್ಟಾಯಿತು. ಅಷ್ಟು ಚಿಕ್ಕ ಆನೆ ಹೇಳಿತು: "ನನಗೆ ಹಲಸಿನ ಹಣ್ಣು ಬೇಕು. ನಿನ್ನ ಉಪ್ಪ ಬೇಡ." ಮತ್ತೆ ದೊಡ್ಡದು ಮಾಡಿದ, ಮತ್ತೆ ಚಿಕ್ಕದು ಮಾಡಿದ. ಹತ್ತು ಸಲವಾದರೂ ಮಾಡಿರಬೇಕು. ಬೇರೆ ಮಕ್ಕಳಿಗೆ ಬೇಸರ ಬಂದು, ಸಾಕು ಮಾರಾಯ ಎಂದರು. ನಾವು ಅವನನ್ನು ನಿಲ್ಲಿಸಲಿಲ್ಲ.

ಕಸದ ಸಮಸ್ಯೆ ಇದರಿಂದ ತೀರುತ್ತದೆ ಎಂದು ನಾವು ಹೇಳಿದರೆ ಅದು ಹುಚ್ಚು. 2022ರ ಜುಲೈ ಒಂದರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲಿ ನಿಷೇಧ ಬಂದರೂ ನಮ್ಮ ತೋಡುಗಳಲ್ಲಿ ತೇಲುವುದು ಅದೇ. ಇಪ್ಪತ್ತು ಗೊಂಬೆಗೆ ಹಿಡಿಯುವ ಕಸ ಒಂದು ಮನೆಯ ಒಂದು ವಾರದ ಕಸವೂ ಅಲ್ಲ. ಎಸೆಯುವ ಮೊದಲು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ಮಕ್ಕಳಿಗೆ ಬಂದಿದೆ, ಅದಕ್ಕಿಂತ ಹೆಚ್ಚಿನದನ್ನು ನಾವು ಹೇಳಿಕೊಳ್ಳುವುದಿಲ್ಲ. ಅದರಿಂದ ಮನೆಯವರಿಗೆ ಉಪದ್ರವೂ ಉಂಟು. ಯಾವುದನ್ನೂ ಎಸೆಯಲಿಕ್ಕೆ ಬಿಡುವುದಿಲ್ಲ ಎಂದು ಉಮ್ಮಂದಿರ ದೂರು ಬರುತ್ತಲೇ ಇದೆ.

2007ರ ಆ ಹುಡುಗಿಯ ವಿಷಯ. ಅವಳಿಗೆ ಮದುವೆಯಾಗಿ, ತವರಿನ ಹತ್ತಿರವೇ ಮನೆ ಮಾಡಿದ್ದಾಳೆ. ಅವಳ ಮಗಳು ಈಗ ನಮ್ಮ ಒಂದನೇ ತರಗತಿಯಲ್ಲಿ. ಎರಡು ವರ್ಷದ ಹಿಂದೆ ಹಳೆ ಬಟ್ಟೆ, ಗುಂಡಿ ಕಳಿಸಿ ಎಂದು ಎಲ್ಲ ಮನೆಗೆ ಹೇಳಿ ಕಳಿಸಿದಾಗ ಅವಳು ತಾನೇ ಬಂದಳು. ಮದ್ರಸದ ಮೆಟ್ಟಿಲ ಹತ್ತಿರ ನಿಂತು ಕೇಳಿದಳು, "ಉಸ್ತಾದ್, ಈಗ ಹಲಾಲ್ ಆಯ್ತಾ?"

ಅವಳಿಗೆ ಮರೆತಿರಬಹುದು ಎಂದು ಅಷ್ಟು ವರ್ಷ ಅಂದುಕೊಂಡಿದ್ದೆವು. ಆಗಲೂ ತಪ್ಪಿರಲಿಲ್ಲ ಮೋಳೆ, ನಮಗೆ ಗೊತ್ತಿರಲಿಲ್ಲ ಎಂದೆವು. ಅವಳು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಜ್ಜಿ ತೀರಿಹೋಗಿ ಆರು ವರ್ಷ ಆಯ್ತು ಎಂದಷ್ಟೇ ಹೇಳಿ ಹೋದಳು. ಆ ವಾರ ಅವಳ ಮನೆಯಿಂದ ಏನೂ ಬರಲಿಲ್ಲ. ಮುಂದಿನ ವಾರ ಮಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಂತು, ಒಳಗೆ ರವಿಕೆ ತುಂಡುಗಳು, ಕಪ್ಪು ನೂಲಿನ ಒಂದು ಉಂಡೆ. ಆ ನೂಲು ಇನ್ನೂ ಮುಗಿದಿಲ್ಲ, ನಾವು ಸ್ವಲ್ಪ ಸ್ವಲ್ಪವೇ ತೆಗೆಯುತ್ತೇವೆ.

ಈ ಮಳೆಗಾಲಕ್ಕೆ ನಮ್ಮಲ್ಲಿ ಕೊಡೆಯ ಕಡ್ಡಿ ಸಾಕಷ್ಟು ಉಂಟು. ಗುಂಡಿ ಮುಗಿದಿದೆ, ಜೋಡಿ ಇಲ್ಲದ ಸಾಕ್ಸೂ ಬೇಕು. ಒಗೆದು ಒಣಗಿಸಿ ಕೊಟ್ಟರೆ ದೊಡ್ಡ ಉಪಕಾರ. ನಿಮ್ಮ ಮದ್ರಸದಲ್ಲಿ ಇಲ್ಲದಿದ್ದರೆ ಮನೆಯಲ್ಲೇ ಶುರು ಮಾಡಬಹುದು, ಇವತ್ತು ಸಂಜೆ ಕರೆಂಟು ಹೋಗುವುದು ಹೇಗೂ ಗ್ಯಾರಂಟಿ.